ನಾಲ್ಕು ತಟ್ಟೆ, ಊಟಕ್ಕೆ ಇಬ್ಬರೇ

ಸಿನಿಮಾಗಳಲ್ಲಿ ಇಂಥ ದೃಶ್ಯ ಎಷ್ಟೋ ಸಲ ನೋಡಿರ್ತೀರಿ. ಅಮೆರಿಕದ ಒಂದು ಉಪನಗರ, ರಾತ್ರಿ ಊಟದ ಹೊತ್ತು. ಮೇಜಿನ ಮೇಲೆ ತಟ್ಟೆ ನಾಲ್ಕು, ಜಗಳ ಆಡ್ತಿರೋದು ಗಂಡ ಹೆಂಡತಿ ಇಬ್ಬರೇ. ಮಕ್ಕಳೆಲ್ಲಿ? ‘ಮೇಲೆ ಮಲಗಿದ್ದಾರೆ’ ಅಂತ ಒಂದು ಮಾತು, ಅಂಗಳದಲ್ಲಿ ಬಿದ್ದಿರೋ ಪುಟ್ಟ ಸೈಕಲ್. ಅಲ್ಲಿಗೆ ಮಕ್ಕಳ ಲೆಕ್ಕ ಮುಗೀತು.

ಆದರೆ ಆ ಬಡಾವಣೆಗಳು ಎದ್ದಿದ್ದೇ ಮಕ್ಕಳೊಂದಿಗರಿಗಾಗಿ. ನ್ಯೂಯಾರ್ಕ್ ಪಕ್ಕದ ಲೆವಿಟ್‌ಟೌನ್‌ನಲ್ಲಿ 1947ರಿಂದ 1951ರೊಳಗೆ 17,000ಕ್ಕೂ ಹೆಚ್ಚು ಮನೆ ಕಟ್ಟಿದರು. ಮೊದಲ ಮನೆಗಳು ಸುಮಾರು 750 ಚದರಡಿ, ಎರಡು ಮಲಗೋ ಕೋಣೆ. ಸಂಸಾರ ಬೆಳೆದರೆ ಕೋಣೆ ಮಾಡಿಕೊಳ್ಳಲಿ ಅಂತ ಅಟ್ಟ ಖಾಲಿ. 1957ರ ಒಂದೇ ವರ್ಷ ಆ ದೇಶದಲ್ಲಿ ಸುಮಾರು 43 ಲಕ್ಷ ಮಕ್ಕಳು ಹುಟ್ಟಿದರು. ಅಂಥ ಮನೆಯೊಳಗೆ ಗದ್ದಲವೇ ಇಲ್ಲ ಅಂದರೆ ನಂಬೋದು ಹೇಗೆ?

2008ರ ‘ರೆವಲ್ಯೂಷನರಿ ರೋಡ್’ ಸಿನಿಮಾದಲ್ಲಿ ಕಥೆ ತಿರುಗೋದೇ ಮೂರನೇ ಬಸಿರಿನ ಸುತ್ತ. ಆದರೆ ಮನೆಯಲ್ಲಿ ಆಗಲೇ ಇರೋ ಇಬ್ಬರು ಮಕ್ಕಳು ಅಪ್ಪನ ಹುಟ್ಟುಹಬ್ಬದ ಕೇಕ್ ಮುಂದೆ, ಇನ್ನೆಲ್ಲೋ ಒಂದೆರಡು ಕಡೆ ಕಾಣ್ತಾರೆ ಅಷ್ಟೆ. ಅಪ್ಪ ಅಮ್ಮನ ಕಣ್ಣಿಗೇ ಮಕ್ಕಳು ಬೀಳ್ತಿಲ್ಲ ಅನ್ನೋ ಅರ್ಥ ಅಲ್ಲಿಗೆ ಒಪ್ಪುತ್ತೆ. ಉಳಿದ ಎಷ್ಟೋ ಕಡೆ ಕಾರಣ ಗಡಿಯಾರದಲ್ಲಿದೆ.

ಹಾಲಿವುಡ್ ಇರೋ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರಿಗಿರೋ ನಿಯಮ ನೋಡಿ. ಆರರಿಂದ ಒಂಬತ್ತು ವರ್ಷದೊಳಗಿನ ಮಗು ಶಾಲೆಯ ದಿನಗಳಲ್ಲಿ ಸೆಟ್‌ನಲ್ಲಿ ಎಂಟು ಗಂಟೆ ಇರಬಹುದು: ಕೆಲಸ ನಾಲ್ಕು ಗಂಟೆ, ಪಾಠ ಮೂರು, ವಿಶ್ರಾಂತಿ ಒಂದು. ಆರು ತಿಂಗಳೊಳಗಿನ ಕೂಸಿಗೆ ದಿನಕ್ಕೆ ಇಪ್ಪತ್ತೇ ನಿಮಿಷದ ಕೆಲಸ. ಅದಕ್ಕೇ ಕೂಸಿನ ಪಾತ್ರಕ್ಕೆ ಅವಳಿಗಳನ್ನ ಹುಡುಕೋದು. ಮಾರನೇ ದಿನ ಶಾಲೆ ಇದ್ದರೆ ರಾತ್ರಿ ಹತ್ತರ ಮೇಲೆ ಮಕ್ಕಳ ಚಿತ್ರೀಕರಣ ಇಲ್ಲ. ಇದೆಲ್ಲ ಇರಲೇಬೇಕಾದ ನಿಯಮ, ಒಂದು ನಿಮಿಷವೂ ಸಡಿಲ ಆಗಬಾರದು.

ಈಗ ಆ ಊಟದ ದೃಶ್ಯಕ್ಕೆ ಬನ್ನಿ. ಕೂತ ನಾಲ್ಕೂ ಜನ ಒಟ್ಟಿಗೆ ಕಾಣೋ ಶಾಟ್ (ಮಾಸ್ಟರ್ ಶಾಟ್) ಒಂದು, ಇಬ್ಬಿಬ್ಬರದು ಎರಡು, ಒಬ್ಬೊಬ್ಬರ ಕ್ಲೋಸಪ್ ನಾಲ್ಕು. ಒಟ್ಟು ಏಳು. ಲೈಟ್ ಬದಲಿಸಿ, ಕ್ಯಾಮೆರಾ ಸರಿಸಿ, ಒಂದೊಂದಕ್ಕೆ ನಲವತ್ತು ನಿಮಿಷ ಅಂದುಕೊಂಡರೂ 280 ನಿಮಿಷ. ಮಗುವಿಗಿರೋದು 240. ಮಧ್ಯೆ ಮಗುವಿನ ತಟ್ಟೆಯಲ್ಲಿ ಬಟಾಣಿ ಕಮ್ಮಿಯಾದರೆ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ಕೆಟ್ಟು ಮತ್ತೊಂದು ಟೇಕ್. ಕಥೆ ಬರೆಯೋವಾಗಲೇ ಮಕ್ಕಳನ್ನ ಮಲಗಿಸಿಬಿಡೋದು ಇದಕ್ಕೇ.

ದಾರಿ ಇದೆ. ದೃಶ್ಯ ಏಳು ತುಂಡು ಮಾಡಬೇಡಿ. ಕ್ಯಾಮೆರಾ ಮೂರಡಿ ಎತ್ತರಕ್ಕೆ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿಸಿ, ಎಲ್ಲರನ್ನೂ ಒಂದೇ ಉದ್ದ ಶಾಟ್‌ನಲ್ಲಿ ತೆಗೀರಿ. ಲೈಟಿಂಗ್ ಒಂದೇ ಸಲ ಮುಗಿಯುತ್ತೆ. ಕ್ಲೋಸಪ್ ಬೇಕೇ ಬೇಕು ಅಂದರೆ ಮೊದಲು ಮಗುವಿನದು ಮುಗಿಸಿ. ಆಮೇಲೆ ಮಗುವಿಲ್ಲದೆ ದೊಡ್ಡವರ ಕ್ಲೋಸಪ್ ತೆಗೆಯೋವಾಗ ಅವರು ನೋಡೋ ಜಾಗಕ್ಕೆ, ಮಗುವಿನ ಕಣ್ಣಿನ ಎತ್ತರದಲ್ಲೇ, ಟೇಪ್ ಗುರುತು ಅಂಟಿಸಿ. ಈ ಗುರುತು ಎರಡು ಇಂಚು ಮೇಲಾದರೂ ಅಮ್ಮ ಮಗುವಿನ ತಲೆ ಮೇಲಿನ ಗೋಡೆ ನೋಡಿದ ಹಾಗಿರುತ್ತೆ. ಮಗುವಿಗೆ ಮಾತಿಗಿಂತ ಕೆಲಸ ಕೊಡಿ: ಕಾಲುಚೀಲ ಎಳೆಯೋದು, ಹಾಲು ಸುರುವೋದು. ಮಗು ಇರೋವಾಗಲೇ ಮಹಡಿ ಮೇಲಿನ ಓಟ, ನಲ್ಲಿ, ಬಾಗಿಲು, ಇವುಗಳ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ನಮ್ಮಲ್ಲಿ ಚಿತ್ರ ಮಾಡೋರಿಗೆ 2017ರ ನಿಯಮ ಇದೆ. ಮಗುವಿಗೆ ದಿನಕ್ಕೆ ಐದು ಗಂಟೆ ಮೀರಬಾರದು, ಬಿಡುವಿಲ್ಲದೆ ಮೂರು ಗಂಟೆ ದಾಟಬಾರದು. ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ಹೋಗಬೇಕು.

ಮಗು ಮನೆಗೆ ಹೋದ ಮೇಲೆ ತೆಗೆಯೋ ಶಾಟ್‌ಗಳಿಗೆ ಒಂದು ಮಾತು. ಮಗುವಿನ ಕುರ್ಚಿ ಮೇಜಿಗೆ ಒತ್ತಿ ಇಡಬೇಡಿ. ಈಗಷ್ಟೇ ಇಳಿದು ಓಡಿದ ಹಾಗೆ ಓರೆಯಾಗಿ, ಒಂದು ಗೇಣು ಹೊರಗಿರಲಿ.