ಆದಿಕಾಂಡದ ಹೊಲಿಗೆಗಳು

ಸಭಿಕರೆಲ್ಲರಿಗೂ ನಮಸ್ಕಾರ.

ಹೀಬ್ರೂ ಧರ್ಮಗ್ರಂಥದ ಮೊದಲ ಪುಸ್ತಕವನ್ನು ನಾವು ಆದಿಕಾಂಡ ಎನ್ನುತ್ತೇವೆ. ಹೀಬ್ರೂವಿನಲ್ಲಿ ಅದರ ಮೊದಲ ಪದವೇ ಅದರ ಹೆಸರು: ಬೆರೇಶಿತ್, ಅಂದರೆ 'ಆದಿಯಲ್ಲಿ'. ಐವತ್ತು ಅಧ್ಯಾಯಗಳ ಈ ಪುಸ್ತಕ ಆಕಾಶ ಭೂಮಿಗಳ ಹುಟ್ಟಿನಿಂದ ತೊಡಗಿ, ಈಜಿಪ್ಟಿನಲ್ಲಿ ಯೋಸೇಫನ ಶವವನ್ನು ಪೆಟ್ಟಿಗೆಯಲ್ಲಿ ಇಡುವಲ್ಲಿಗೆ ಮುಗಿಯುತ್ತದೆ. ಇದನ್ನು ಓದುವಾಗ ಎಡವುವ ಜಾಗಗಳು ಬಹಳ. ಹೇಳಿದ ಕಥೆಯನ್ನೇ ಮತ್ತೆ ಬೇರೆ ಬಗೆಯಲ್ಲಿ ಹೇಳುತ್ತದೆ, ಲೆಕ್ಕಗಳು ತಾಳೆಯಾಗುವುದಿಲ್ಲ, ವಾಕ್ಯವೊಂದು ಅರ್ಧಕ್ಕೇ ನಿಲ್ಲುತ್ತದೆ. ಭಕ್ತರು ಇವನ್ನು ಹೇಗಾದರೂ ಹೊಂದಿಸಲು ನೋಡಿದರು, ಟೀಕಾಕಾರರು ಇವನ್ನೇ ದೋಷವೆಂದು ಎತ್ತಿ ತೋರಿದರು. ನನ್ನ ಮಟ್ಟಿಗೆ ಈ ಪುಸ್ತಕದ ಜೀವ ಇರುವುದು ಆ ಎಡವುವ ಜಾಗಗಳಲ್ಲಿಯೇ. ಇದನ್ನು ಕೂಡಿಸಿದವರು ಕೌದಿ ಹೊಲಿಯುವವರ ಹಾಗೆ ಹಳೆಯ ತುಂಡುಗಳನ್ನು ಜೋಡಿಸಿದರೇ ಹೊರತು, ಹೊಲಿಗೆ ಕಾಣದಿರಲೆಂದು ಬಟ್ಟೆಗೆ ಬಣ್ಣ ಬಳಿಯಲಿಲ್ಲ.

ಮೊದಲ ಅಧ್ಯಾಯವನ್ನು ತೆಗೆದುಕೊಳ್ಳೋಣ. ಅಲ್ಲಿ ದೇವರ ಹೆಸರು ಎಲೋಹಿಮ್. ಆತ ನುಡಿಯುತ್ತಾನೆ, ನುಡಿದದ್ದು ಆಗುತ್ತದೆ. ಮೊದಲ ದಿನ ಬೆಳಕು, ಎರಡನೆಯ ದಿನ ನೀರುಗಳ ನಡುವೆ ಗುಮ್ಮಟ, ಮೂರನೆಯ ದಿನ ಒಣನೆಲ ಮತ್ತು ಗಿಡಮರ. ಸೂರ್ಯ ಚಂದ್ರರು ಬರುವುದು ನಾಲ್ಕನೆಯ ದಿನ, ಅದೂ ಹೆಸರಿಲ್ಲದೆ: 'ದೊಡ್ಡ ಬೆಳಕು', 'ಚಿಕ್ಕ ಬೆಳಕು' ಎಂದಷ್ಟೇ. ಸುತ್ತಲಿನ ನಾಡುಗಳಲ್ಲಿ ಸೂರ್ಯನೂ ಚಂದ್ರನೂ ದೊಡ್ಡ ದೇವತೆಗಳಾಗಿದ್ದಾಗ ಅವರ ಹೆಸರನ್ನೇ ಎತ್ತದೆ ದೀಪಗಳ ಸಾಲಿಗೆ ಸೇರಿಸಿದ್ದು ಮರೆವಿನಿಂದಲ್ಲ. ಭೂಮಿಗಿಂತ ಮುಂಚೆ ಇದ್ದ ಆಳದ ನೀರಿಗೆ ಇಲ್ಲಿ 'ತೆಹೋಮ್' ಎಂಬ ಪದವಿದೆ. ಬಾಬಿಲೋನಿನ ಸೃಷ್ಟಿಕಾವ್ಯವಾದ ಎನೂಮಾ ಎಲಿಷ್‌ನಲ್ಲಿ ಬರುವ ತಿಯಾಮತ್ ಎಂಬ ಕಡಲದೇವತೆಯ ಹೆಸರು ಇದೇ ಮೂಲದ್ದು. ಅಲ್ಲಿ ಬಾಬಿಲೋನಿನ ದೇವರಾದ ಮರ್ದೂಕನು ತಿಯಾಮತ್‌ಳನ್ನು ಯುದ್ಧದಲ್ಲಿ ಕೊಂದು, ದೇಹವನ್ನು ಸೀಳಿ, ಒಂದು ಭಾಗದಿಂದ ಆಕಾಶ ಮಾಡುತ್ತಾನೆ. ನಿನೆವೆಯ ಅವಶೇಷಗಳಲ್ಲಿ ದೊರೆತ ಆ ಜೇಡಿಮಣ್ಣಿನ ಫಲಕಗಳನ್ನು ಓದಿ 1876ರಲ್ಲಿ ಪ್ರಕಟಿಸಿದ ಜಾರ್ಜ್ ಸ್ಮಿತ್, ಅದಕ್ಕೂ ನಾಲ್ಕು ವರ್ಷ ಮೊದಲೇ ಲಂಡನ್ನಿನಲ್ಲಿ ಬಾಬಿಲೋನಿನ ಪ್ರಳಯಕಥೆಯನ್ನು ಓದಿ ಹೇಳಿದ್ದರು. ಆದಿಕಾಂಡದಲ್ಲಿ ಯುದ್ಧವಿಲ್ಲ. ತೆಹೋಮ್ ಬರಿಯ ನೀರು. ದೇವರ ಉಸಿರು ಅದರ ಮೇಲೆ ಸುಳಿದಾಡುತ್ತದೆ, ಅಷ್ಟೆ. ಬಹುಪಾಲು ವಿದ್ವಾಂಸರು ಈ ಅಧ್ಯಾಯವನ್ನು ಕ್ರಿ.ಪೂ. 6ನೆಯ ಶತಮಾನದಲ್ಲಿ ಯೆಹೂದ್ಯರು ಬಾಬಿಲೋನಿಗೆ ಸೆರೆ ಹೋದ ಕಾಲದ ಆಸುಪಾಸಿನದೆಂದು ಎಣಿಸುತ್ತಾರೆ. ಗೆದ್ದವರ ಊರಿನಲ್ಲಿ ಕುಳಿತು ಗೆದ್ದವರ ದೇವರ ಪರಾಕ್ರಮವನ್ನು ಹೆಸರೆತ್ತದೆಯೇ ತಳ್ಳಿಹಾಕುವ ಬರಹವಿದು ಎಂದು ಓದಿದಾಗ ಅದರ ಗಂಭೀರ ಲಯಕ್ಕೆ ಬೇರೆಯೇ ಕಳೆ ಬರುತ್ತದೆ.

ಎರಡನೆಯ ಅಧ್ಯಾಯದ ನಾಲ್ಕನೆಯ ವಚನದ ನಡುವೆ ದನಿ ಬದಲಾಗುತ್ತದೆ. ದೇವರು ಈಗ 'ಯೆಹೋವದೇವರು'. ಕನ್ನಡ ಸತ್ಯವೇದದ ಓದುಗರಿಗೆ ಈ ಬದಲಾವಣೆ ಕಣ್ಣಿಗೆ ಬೀಳುವುದು ಸುಲಭ, ಏಕೆಂದರೆ ನಮ್ಮ ಹಳೆಯ ಭಾಷಾಂತರ ಆ ಹೆಸರನ್ನು ಹಾಗೆಯೇ ಉಳಿಸಿಕೊಂಡಿದೆ; 'ಕರ್ತನು' ಎಂಬ ಅರ್ಥದ ಪದವಿಟ್ಟು ಹೆಸರನ್ನೇ ಮುಚ್ಚಿದ ಭಾಷಾಂತರಗಳಲ್ಲಿ ಅದು ಅಷ್ಟು ಬೇಗ ತೋಚದು. ಇಲ್ಲಿ ಆರು ದಿನಗಳ ಲೆಕ್ಕವಿಲ್ಲ. ಮಳೆಯೇ ಬೀಳದ ಒಣನೆಲ. ದೇವರು ಕುಂಬಾರನ ಹಾಗೆ ಮಣ್ಣು ತಿದ್ದಿ ಮನುಷ್ಯನನ್ನು ಮಾಡಿ, ಮೂಗಿನಲ್ಲಿ ಉಸಿರೂದಿ, ತೋಟ ಮಾಡಿ, ಅವನಿಗೆ ಜೊತೆಯಿಲ್ಲವೆಂದು ಮೃಗಪಕ್ಷಿಗಳನ್ನು ರೂಪಿಸಿ, ಅವೂ ಸರಿಹೊಂದದೆ ಹೋದಾಗ ಕೊನೆಗೆ ಅವನ ಪಕ್ಕೆಯಿಂದ ಹೆಣ್ಣನ್ನು ಮಾಡುತ್ತಾನೆ. ಮೊದಲ ಅಧ್ಯಾಯದಲ್ಲಿ ಪ್ರಾಣಿಗಳ ನಂತರ ಗಂಡು ಹೆಣ್ಣು ಒಟ್ಟಿಗೆ. ಇಲ್ಲಿ ಮನುಷ್ಯನ ನಂತರ ಪ್ರಾಣಿಗಳು, ಆಮೇಲೆ ಹೆಣ್ಣು. ಹೀಬ್ರೂವಿನಲ್ಲಿ ಮನುಷ್ಯ 'ಆದಾಮ್', ಮಣ್ಣು 'ಅದಾಮಾ'. ಕನ್ನಡದಲ್ಲಿ 'ಮಣ್ಣು', 'ಮನುಷ್ಯ' ಎಂದಾಗ ಆ ನಾದ ಸ್ವಲ್ಪವಾದರೂ ಕಿವಿಗೆ ಬೀಳುತ್ತದೆ, ಅವೆರಡರ ಮೂಲ ಬೇರೆಯಾದರೂ ಸರಿ. ಹಾಗೆಯೇ, ಬೆತ್ತಲೆಯಾಗಿದ್ದ ಆ ಇಬ್ಬರನ್ನು ಹೇಳುವ 'ಅರೂಮ್ಮಿಮ್' ಎಂಬ ಪದದ ಬೆನ್ನಿಗೇ, ಮರುವಾಕ್ಯದಲ್ಲಿ, ಸರ್ಪವು 'ಅರೂಮ್', ಅಂದರೆ ಯುಕ್ತಿಯುಳ್ಳದ್ದು ಎಂದು ಬರುತ್ತದೆ. ಈ ಶ್ಲೇಷೆಗೆ ಕನ್ನಡದಲ್ಲಿ ಜೋಡಿ ಸಿಕ್ಕುವುದು ಕಷ್ಟ.

ದೇವರ ಎರಡು ಹೆಸರುಗಳ ಜಾಡು ಹಿಡಿದು, ಈ ಪುಸ್ತಕವನ್ನು ಬರೆದವನೆಂದು ಪರಂಪರೆ ನಂಬುವ ಮೋಶೆಯ ಕೈಯಲ್ಲಿ ಎರಡು ಹಳೆಯ ದಾಖಲೆಗಳಿದ್ದವು ಎಂದು ವಾದಿಸಿದವನು ಝಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯ. 1753ರಲ್ಲಿ ಆ ಪುಸ್ತಕವನ್ನು ಆತ ತನ್ನ ಹೆಸರು ಹಾಕದೆ ಪ್ರಕಟಿಸಿದ. ಆತನ ಉದ್ದೇಶ ಮೋಶೆಯ ಕರ್ತೃತ್ವವನ್ನು ಕಾಪಾಡುವುದೇ ಆಗಿತ್ತು. ಆದರೆ ಅವನು ಎಳೆದ ದಾರ ಮುಂದಿನ ಶತಮಾನದಲ್ಲಿ ಆ ಕರ್ತೃತ್ವವನ್ನೇ ಬಿಚ್ಚಿಹಾಕಿತು. ಯಾವ ತುಂಡು ಯಾರದು ಎಂಬ ಬಗ್ಗೆ ಇಂದಿಗೂ ಜಗಳವಿದೆ. ಆ ಜಗಳದೊಳಗೆ ನಾನು ಹೋಗುವುದಿಲ್ಲ.

ನೋಹನ ಪ್ರಳಯದಲ್ಲಿ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟಿಲ್ಲ, ಜಡೆಯ ಹಾಗೆ ಹೆಣೆದಿದ್ದಾರೆ. ಹಾಗಾಗಿ ಒಂದೆಡೆ ಪ್ರತಿ ಪ್ರಾಣಿಯೂ ಎರಡೆರಡು, ಇನ್ನೊಂದೆಡೆ ಶುದ್ಧಪ್ರಾಣಿಗಳು ಏಳೇಳು. ಒಂದೆಡೆ ನಲವತ್ತು ದಿನದ ಮಳೆ, ಇನ್ನೊಂದೆಡೆ ನೂರೈವತ್ತು ದಿನದ ನೆರೆ.

ಹೊಲಿಗೆ ಮುಚ್ಚುವ ಆಸೆ ಹಳಬರಿಗೂ ಇರಲಿಲ್ಲವೆಂದಲ್ಲ. ಮೊದಲ ಅಧ್ಯಾಯದಲ್ಲಿ ದಿನದಿನವೂ 'ದೇವರು ಅದನ್ನು ಒಳ್ಳೆಯದೆಂದು ಕಂಡನು' ಎಂಬ ಮಾತು ಬರುತ್ತದೆ, ಎರಡನೆಯ ದಿನ ಮಾತ್ರ ಬರುವುದಿಲ್ಲ. ಸೆಪ್ಟುವಜಿಂಟ್ ಎಂಬ ಪುರಾತನ ಗ್ರೀಕ್ ಭಾಷಾಂತರದಲ್ಲಿ ಆ ಕೊರತೆ ತುಂಬಿದೆ. ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನು ತಮ್ಮ ಹೇಬೆಲನಿಗೆ 'ಹೇಳಿದನು' ಎಂದಿದೆ. ಏನು ಹೇಳಿದನೆಂಬುದು ಹೀಬ್ರೂ ಪಾಠದಲ್ಲಿಲ್ಲ. ಮುಂದಿನ ಮಾತು ಅವರು ಹೊಲದಲ್ಲಿದ್ದಾಗ ನಡೆದ ಕೊಲೆಯದು. ಗ್ರೀಕ್ ಪಾಠವೂ ಸಮಾರ್ಯರ ಪಾಠವೂ 'ಹೊಲಕ್ಕೆ ಹೋಗೋಣ' ಎಂಬ ಮಾತನ್ನು ಅವನ ಬಾಯಲ್ಲಿ ಇಟ್ಟಿವೆ. ಮೂಲದಲ್ಲಿ ಅದೇ ಇದ್ದು ಹೀಬ್ರೂ ಪ್ರತಿಯಲ್ಲಿ ಬಿಟ್ಟುಹೋಗಿದ್ದಿರಲೂಬಹುದು. ಆದರೂ ತಮ್ಮ ಮುಂದಿದ್ದ ಪ್ರತಿಯಲ್ಲಿ ಇಲ್ಲದ್ದನ್ನು ಸೇರಿಸಲು ಒಪ್ಪದ ಲಿಪಿಕಾರರ ಹಟ ನನಗೆ ಹಿಡಿಸುತ್ತದೆ. ಅಣ್ಣ ತಮ್ಮನಿಗೆ ಏನೋ ಹೇಳಿದ. ಅದು ನಮಗೆ ಕೇಳಿಸಲಿಲ್ಲ.

ಐದನೆಯ ಅಧ್ಯಾಯದ ವಂಶಾವಳಿಯನ್ನು ಬಹಳಷ್ಟು ಜನ ಹಾರಿಸಿ ಓದುತ್ತಾರೆ. ಆದಾಮನಿಂದ ನೋಹನವರೆಗೆ ಹತ್ತು ತಲೆಮಾರು. ಆದಾಮ 930 ವರ್ಷ ಬದುಕಿದ, ಮೆತೂಷೆಲಹ 969 ವರ್ಷ. ಸುಮೇರಿನ ರಾಜಾವಳಿಯಲ್ಲಿ ಪ್ರಳಯಕ್ಕೆ ಮೊದಲಿನ ಮೊದಲ ಅರಸ ಅಲುಲಿಮ್ ಒಬ್ಬನೇ 28,800 ವರ್ಷ ಆಳಿದನೆಂದು ಇರುವುದನ್ನು ನೋಡಿದರೆ ಹೀಬ್ರೂ ಲೇಖಕರದು ಜಿಪುಣ ಕೈ ಎನ್ನಬೇಕು. ಹೀಬ್ರೂ ಪಾಠದಂತೆ ಮೆತೂಷೆಲಹನಿಗೆ 187ರಲ್ಲಿ ಲೆಮೆಕ, ಲೆಮೆಕನಿಗೆ 182ರಲ್ಲಿ ನೋಹ, ನೋಹನ 600ನೆಯ ವರ್ಷದಲ್ಲಿ ಪ್ರಳಯ. ಕೂಡಿಸಿದರೆ ಸರಿಯಾಗಿ 969. ಮುದುಕ ಪ್ರಳಯದ ವರ್ಷವೇ ತೀರಿಕೊಂಡ. ನೀರಿಗೆ ಮುಂಚೆಯೋ ನೀರಿನಲ್ಲೋ, ಪುಸ್ತಕ ಹೇಳುವುದಿಲ್ಲ. ಗ್ರೀಕ್ ಪಾಠದ ಕೆಲವು ಪ್ರತಿಗಳಲ್ಲಿ ಲೆಕ್ಕ ತಪ್ಪಿ, ನಾವೆಯನ್ನೇರದ ಮೆತೂಷೆಲಹ ಪ್ರಳಯದ ನಂತರವೂ ಹದಿನಾಲ್ಕು ವರ್ಷ ಬದುಕಿರುತ್ತಾನೆ. ಆತ ಎಲ್ಲಿ ನಿಂತಿದ್ದ ಎಂಬ ಪ್ರಶ್ನೆ ಸಂತ ಅಗಸ್ಟೀನನಂಥವರನ್ನೂ ಕಾಡಿತ್ತು.

ಇನ್ನು ಮೂಲಪಿತೃಗಳು: ಅಬ್ರಹಾಮ, ಅವನ ಮಗ ಇಸಾಕ, ಮೊಮ್ಮಗ ಯಾಕೋಬ. ಹೆಂಡತಿಯನ್ನು ತಂಗಿಯೆಂದು ಹೇಳಿ ಜೀವ ಉಳಿಸಿಕೊಳ್ಳುವ ಕಥೆ ಮೂರು ಸಲ ಬರುತ್ತದೆ: ಎರಡು ಸಲ ಅಬ್ರಹಾಮನದು, ಒಂದು ಸಲ ಇಸಾಕನದು. ಯಾವುದನ್ನೂ ಕೈಬಿಟ್ಟಿಲ್ಲ, ಯಾವುದರಲ್ಲೂ ಮೂಲಪಿತೃವಿನ ಮಾನ ಹೆಚ್ಚುವುದಿಲ್ಲ.

ನಾನು ಸ್ವಲ್ಪ ಹೊತ್ತು ನಿಲ್ಲಬಯಸುವುದು ಇಪ್ಪತ್ತಮೂರನೆಯ ಅಧ್ಯಾಯದಲ್ಲಿ. ಕಾನಾನ್ ದೇಶವನ್ನೆಲ್ಲ ನಿನ್ನ ಸಂತತಿಗೆ ಕೊಡುತ್ತೇನೆಂದು ದೇವರು ಅಬ್ರಹಾಮನಿಗೆ ಮತ್ತೆ ಮತ್ತೆ ಮಾತು ಕೊಟ್ಟಿದ್ದಾನೆ. ಅವನ ಹೆಂಡತಿ ಸಾರಳು 127 ವರ್ಷದವಳಾಗಿ ಹೆಬ್ರೋನಿನಲ್ಲಿ ಸತ್ತಾಗ ಅವಳನ್ನು ಹೂಳಲು ಅವನಿಗೆ ಅಂಗೈಯಗಲ ನೆಲವಿಲ್ಲ. ಶವದ ಬಳಿಯಿಂದ ಎದ್ದು ಆ ಊರಿನವರಾದ ಹಿತ್ತಿಯರ ಮುಂದೆ ನಿಂತು 'ನಾನು ನಿಮ್ಮಲ್ಲಿ ಪರದೇಶಿ' ಎನ್ನುತ್ತಾನೆ. ಊರಬಾಗಿಲಲ್ಲಿ ಎಲ್ಲರ ಎದುರಿಗೆ ಮಾತುಕತೆ. ಅವನು ಕೇಳಿದ್ದು ಅವರಲ್ಲೊಬ್ಬನಾದ ಎಫ್ರೋನನ ಹೊಲದ ಅಂಚಿನ ಮಕ್ಪೇಲ ಗವಿಯನ್ನು, ಪೂರ್ತಿ ಬೆಲೆಗೆ. ಎಫ್ರೋನನದು ಧಾರಾಳದ ಮಾತು: ಗವಿಯಷ್ಟೇ ಏಕೆ, ಹೊಲವನ್ನೂ ಕೊಟ್ಟೆ, ಹೂಳು. ಕೊಟ್ಟೆ ಎಂಬ ಮಾತು ಅವನ ಬಾಯಲ್ಲಿ ಮೂರು ಸಲ ಬರುತ್ತದೆ. ಅಬ್ರಹಾಮ ಬಗ್ಗಿ ನಮಸ್ಕರಿಸಿ, ಹಣ ತೆಗೆದುಕೋ ಎನ್ನುತ್ತಾನೆ. ಆಗ ಬೆಲೆ ಹೊರಬರುತ್ತದೆ: ನಾನೂರು ಶೆಕೆಲ್ ಬೆಳ್ಳಿಯ ನೆಲ, ನನಗೂ ನಿನಗೂ ನಡುವೆ ಅದೇನು ದೊಡ್ಡದು? ಸಂತೆಯಲ್ಲಿ ವ್ಯಾಪಾರ ಮಾಡಿದವರಿಗೆ ಈ ಧಾಟಿಯನ್ನು ವಿವರಿಸಬೇಕಾಗಿಲ್ಲ. ಮುಂದೆ ಪ್ರವಾದಿ ಯೆರೆಮೀಯ ಹೊಲವೊಂದನ್ನು ಕೊಳ್ಳುವುದು ಹದಿನೇಳು ಶೆಕೆಲಿಗೆ. ಅಬ್ರಹಾಮ ಚೌಕಾಶಿ ಮಾಡುವುದಿಲ್ಲ. ನಾಣ್ಯಗಳಿಲ್ಲದ ಕಾಲ, ಸುಮಾರು ನಾಲ್ಕೂವರೆ ಕಿಲೋ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಆಮೇಲೆ ಬರಹ ಕ್ರಯಪತ್ರದ ಭಾಷೆಗೆ ಇಳಿಯುತ್ತದೆ: ಹೊಲ, ಅದರಲ್ಲಿನ ಗವಿ, ಸುತ್ತಲ ಎಲ್ಲೆಯೊಳಗಿನ ಎಲ್ಲ ಮರಗಳು, ಊರಬಾಗಿಲಿಗೆ ಬಂದವರೆಲ್ಲರ ಸಮಕ್ಷಮ.

ಈ ಗವಿಯಲ್ಲಿ ಮುಂದೆ ಅಬ್ರಹಾಮನನ್ನು ಹೂಳುವವರು ಅವನ ಮಕ್ಕಳಾದ ಇಸಾಕ, ಇಷ್ಮಾಯೇಲ ಇಬ್ಬರೂ. ಇಷ್ಮಾಯೇಲನನ್ನು ತಾಯಿ ಹಾಗರಳೊಂದಿಗೆ ಅಡವಿಗೆ ಅಟ್ಟಿದ ಮೇಲೆ ಅವರಿಬ್ಬರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಇದೊಂದೇ ಸಲ. ಅವರ ನಡುವೆ ಏನು ಮಾತಾಯಿತು ಎಂಬುದೂ ಪುಸ್ತಕದಲ್ಲಿಲ್ಲ. ಕೊನೆಯಲ್ಲಿ ಯಾಕೋಬ, ಈಜಿಪ್ಟಿನಲ್ಲಿ 147ರ ವಯಸ್ಸಿನಲ್ಲಿ, ಸಾಯುವ ಮುನ್ನ ಮಕ್ಕಳನ್ನು ಕರೆದು ತನ್ನನ್ನೂ ಅಲ್ಲಿಯೇ ಹೂಳಬೇಕೆಂದು ಅಪ್ಪಣೆ ಮಾಡುತ್ತಾನೆ. ತಾನು ಹುಟ್ಟುವ ಮೊದಲೇ ನಡೆದ ಕ್ರಯದ ವಿವರ ಅವನಿಗೆ ಬಾಯಿಪಾಠ: ಹಿತ್ತಿಯನಾದ ಎಫ್ರೋನನ ಹೊಲ, ಮಕ್ಪೇಲ, ಮಮ್ರೆಯ ಎದುರಿಗೆ. ಅಲ್ಲಿ ಅಬ್ರಹಾಮನನ್ನೂ ಸಾರಳನ್ನೂ ಹೂಳಿದರು, ಇಸಾಕನನ್ನೂ ರೆಬೆಕ್ಕಳನ್ನೂ ಹೂಳಿದರು, ಅಲ್ಲಿಯೇ ನಾನು ಲೇಯಳನ್ನು ಹೂಳಿದೆನು, ಎನ್ನುತ್ತಾನೆ. ಹದಿನಾಲ್ಕು ವರ್ಷ ಜೀತ ಮಾಡಿ ಪಡೆದ ಇನ್ನೊಬ್ಬ ಹೆಂಡತಿ ರಾಹೇಲಳ ಸಮಾಧಿ ಮಾತ್ರ ಅಲ್ಲಿಲ್ಲ. ಅವಳದು ಎಫ್ರಾತಕ್ಕೆ ಹೋಗುವ ದಾರಿಯ ಬದಿಯಲ್ಲಿದೆ.