ಯಾರೂ ಮೀಟದ ಗಾಂಧಾರ

ಹಿರಿಯರೇ, ಸಂಗೀತ ಕಲಿಯುತ್ತಿರುವ ಮಕ್ಕಳೇ,

ಮನಸ್ಸು ಕುಗ್ಗಿದಾಗ ಯಾವ ರಾಗ ಕೇಳಬೇಕು ಎಂಬುದರ ಬಗ್ಗೆ ಮಾತನಾಡಿ ಎಂದು ಸಂಘಟಕರು ಹೇಳಿದರು. ಈ ಕಾಯಿಲೆಗೆ ಈ ಗುಳಿಗೆ ಎಂಬಂಥ ಪಟ್ಟಿ ನನ್ನ ಬಳಿ ಇಲ್ಲ. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. ಚಿಕ್ಕಂದಿನಲ್ಲಿ ನಾಲ್ಕೈದು ವರ್ಷ ಗಾಯನ ಕಲಿತದ್ದರಿಂದ ಸ್ವರ ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂಬುದು ಕಿವಿಗೆ ತಿಳಿಯುತ್ತದೆ. ಆ ಕಿವಿಯನ್ನು ನಂಬಿಕೊಂಡೇ ಮಾತನಾಡುತ್ತೇನೆ.

2021ರ ಮೇ ತಿಂಗಳಲ್ಲಿ ನನ್ನ ಅಣ್ಣ ತೀರಿಕೊಂಡ. ಕೊನೆಯ ಹೊತ್ತಿನಲ್ಲಿ ಮುಖ ನೋಡಲೂ ಆಗಲಿಲ್ಲ. ಸ್ನೇಹಿತರು ನನ್ನನ್ನು ಹೇಗಾದರೂ ಚೇತರಿಸಿಕೊಳ್ಳುವಂತೆ ಮಾಡಬೇಕೆಂದು ಮೊಬೈಲಿಗೆ ಹಾಡುಗಳನ್ನು ಕಳಿಸುತ್ತಿದ್ದರು. ಎಲ್ಲವೂ ಚುರುಕಿನವು: ದ್ರುತ್ ತರಾನಾ, ಸಿತಾರಿನ ಝಾಲಾ, ತಬಲಾ ಜುಗಲ್‌ಬಂದಿ. ಅವರ ಪ್ರೀತಿ ದೊಡ್ಡದು. ಆದರೆ ಸೂತಕದ ಮನೆಯ ಮುಂದೆ ಯಾರೋ ಹೋಳಿಯ ಹಲಗೆ ಬಾರಿಸಿದಂತೆ ಆಗುತ್ತಿತ್ತು. ಎರಡು ನಿಮಿಷ ಕೇಳಿ ಬಂದ್ ಮಾಡುತ್ತಿದ್ದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ, ಹೊರಗೆ ಜಿಟಿಜಿಟಿ ಮಳೆ. ವೈನಿ, ಅಂದರೆ ಅಣ್ಣನ ಹೆಂಡತಿ, ಅವನ ತಂಬೂರಿಯನ್ನು ಗವಸಿನಿಂದ ಹೊರತೆಗೆದು, ಒರೆಸಿ, ನನ್ನ ಮುಂದೆ ಇಟ್ಟರು. "ಹೀಗೇ ಬಿಟ್ಟರೆ ಕೆಟ್ಟುಹೋಗುತ್ತದೆ, ಒಮ್ಮೆ ಶ್ರುತಿ ಮಾಡಿ" ಎಂದಷ್ಟೇ ಹೇಳಿ ಒಳಗೆ ಹೋದರು. ಅದು ಮೀರಜದಲ್ಲಿ ಮಾಡಿಸಿ ತಂದ ತಂಬೂರಿ. ಮಳೆಗಾಲದ ತೇವಕ್ಕೆ ಮರದ ಬಿರಡೆಗಳು ಬಿಗಿದುಕೊಂಡಿದ್ದವು. ಪಂಚಮದ (ಪ) ತಂತಿ, ಜೋಡಿಯ ಎರಡು ಷಡ್ಜದ (ಸಾ) ತಂತಿಗಳು, ಆಮೇಲೆ ಖರಜದ, ಅಂದರೆ ಕೆಳಗಿನ ಷಡ್ಜದ, ಹಿತ್ತಾಳೆ ತಂತಿ. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇರುತ್ತದಲ್ಲ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಜವಾರಿ, ಅಂದರೆ ತಂತಿಯ ತುಂಬು ಝೇಂಕಾರ, ಹುಡುಕುತ್ತ ಕುಳಿತೆ. ಮುಕ್ಕಾಲು ಗಂಟೆ ಆಯಿತು. ನಾದ ಮಂಕಾಗಿಯೇ ಇತ್ತು. ಮತ್ತೊಮ್ಮೆ ಎಳೆ ಸರಿಸಿ ಖರಜ ಮೀಟಿದೆ. ತಂತಿ ಝೇಂಕರಿಸಿತು, ಅದರೊಳಗಿಂದ ಗಾಂಧಾರ, ಸರಿಗಮದ ಗ, ಎದ್ದು ಬಂತು.

ಮಕ್ಕಳೇ, ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲ. ಖರಜದ ತಂತಿ ಇಡಿಯಾಗಿ ಕಂಪಿಸುತ್ತಲೇ ಎರಡು, ಮೂರು, ನಾಲ್ಕು, ಐದು ಸಮಭಾಗಗಳಾಗಿಯೂ ಕಂಪಿಸುತ್ತದೆ. ಮೂಲದ 5 ಪಟ್ಟು ಕಂಪನದ ಆ ಸೂಕ್ಷ್ಮ ನಾದವೇ ಗಾಂಧಾರ. ಹಿರಿಯರು ಅದನ್ನು ಸ್ವಯಂಭೂ ಎನ್ನುತ್ತಾರೆ. ಲೆಕ್ಕ ನನಗೆ ಮೊದಲೇ ಗೊತ್ತಿತ್ತು, ಶಾಲೆಯಲ್ಲಿ ಹೇಳಿಯೂ ಇದ್ದೆ. ಆದರೆ ಅಂದು ಆ ಸ್ವರ ಕಿವಿಗೆ ಬಿದ್ದಾಗ, ಅಣ್ಣ ಹೋದ ಮೇಲೆ ಮೊದಲ ಸಲ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದೆ. ಅಳುತ್ತಿದ್ದೆ ನಿಜ, ಆದರೆ ಬೆನ್ನು ನೆಟ್ಟಗಿತ್ತು.

ಕುಗ್ಗಿದವನಿಗೆ ಬೇಕಾದದ್ದು ಕುಣಿತವಲ್ಲ, ಸರಿಯಾದ ಸ್ವರ ಎಂದು ನಾನು ನಂಬಿದ್ದು ಅಂದಿನಿಂದ. ಇದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಸಾಕ್ಷಿ ಇದೆ. ಗದಗ ಜಿಲ್ಲೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 11 ವರ್ಷದ ಹುಡುಗನಾಗಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಅವರನ್ನು ಎಬ್ಬಿಸಿದ್ದು ಗಾಯಕ ಅಬ್ದುಲ್ ಕರೀಂ ಖಾನ್ ಅವರ ಒಂದು ಗ್ರಾಮೊಫೋನ್ ತಟ್ಟೆ, ಝಿಂಝೋಟಿ ರಾಗದ ಠುಮ್ರಿ. ಅದರ ಸಾಹಿತ್ಯ ಉತ್ಸಾಹದ್ದಲ್ಲ. ಪ್ರಿಯನಿಲ್ಲದೆ ಜೀವಕ್ಕೆ ನೆಮ್ಮದಿಯಿಲ್ಲ ಎಂಬ ವಿರಹದ್ದು. ಮೂರು ನಿಮಿಷದ ಆ ವಿರಹ ಒಬ್ಬ ಬಾಲಕನನ್ನು ಊರೂರು ಅಲೆಸಿತು. ಗುರು ಕೊನೆಗೆ ಸಿಕ್ಕಿದ್ದು ತವರಿನ ಸಮೀಪದಲ್ಲೇ: ಕುಂದಗೋಳದ ಸವಾಯಿ ಗಂಧರ್ವರು, ಅದೇ ಖಾನ್ ಸಾಹೇಬರ ಶಿಷ್ಯರು.

ಸವಾಯಿ ಗಂಧರ್ವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗಡಸಾಗಿ ಕೆಳಗಿಳಿಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ಧ್ವನಿಯಲ್ಲೇ ಮನೆ ಕಟ್ಟಿದರು. ಅವರ ವಿಲಂಬಿತ ಖ್ಯಾಲನ್ನು, ಅಂದರೆ ನಿಧಾನ ಲಯದ ಹಾಡುಗಾರಿಕೆಯನ್ನು, ಅವಸರವಿಲ್ಲದೆ ಕೇಳಿ ನೋಡಿ. ಅತಿ ವಿಲಂಬಿತ ಏಕತಾಲ ಎಂಬ ತಾಳದ 12 ಮಾತ್ರೆಗಳು, ಅಂದರೆ ಎಣಿಕೆಗಳು, ಒಂದು ಸುತ್ತು ಬರಲು ಸುಮಾರು ಒಂದು ನಿಮಿಷ ಬೇಕು. ಒಂದೊಂದೇ ಸ್ವರವನ್ನು ಮೆಟ್ಟಿಲಿನಂತೆ ಹತ್ತಿ, ಅದರ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಆಮೇಲೆ ಮುಂದಿನದಕ್ಕೆ ಕಾಲಿಡುತ್ತಾರೆ. ಉಸಿರು ಬಿಗಿಹಿಡಿದು ಕುಳಿತವನು ನಾಲ್ಕನೆಯ ಸುತ್ತಿನ ಹೊತ್ತಿಗೆ ತನಗೆ ತಿಳಿಯದಂತೆ ನಿಧಾನವಾಗಿ ಉಸಿರಾಡುತ್ತಿರುತ್ತಾನೆ. ನನಗೆ ಹಾಗೆ ಆಗಿದೆ, ಒಂದಲ್ಲ ಹತ್ತು ಸಲ.

ಗಾಯಕ ಮಲ್ಲಿಕಾರ್ಜುನ ಮನ್ಸೂರರದು ಬೇರೆಯೇ ದಾರಿ. ಅವರು ನಿಲ್ಲಲು ಬಿಡುವುದಿಲ್ಲ, ಕೈಹಿಡಿದು ಕರೆದೊಯ್ಯುತ್ತಾರೆ. ಗುರು ಮಂಜಿ ಖಾನರು 1937ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಮನ್ಸೂರರ ಕಲಿಕೆ ನಡುದಾರಿಯಲ್ಲಿತ್ತು. ಅವರು ಮಂಜಿ ಖಾನರ ತಮ್ಮ ಬುರ್ಜಿ ಖಾನರ ಬಳಿ ಕಲಿಕೆಯನ್ನು ಮುಂದುವರಿಸಿದರು. ಅವರ ಅಲ್ಹೈಯಾ ಬಿಲಾವಲ್ ರಾಗ ಕೇಳುವಾಗ ಈ ಸಂಗತಿ ನೆನಪಾಗದೆ ಇರುವುದಿಲ್ಲ. ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ, ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಬೆಳೆಸಿದ್ದನ್ನು ಅವರ ನಂತರ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿಕೊಂಡು ಬಂದರು. ಅದರ ಬಗ್ಗೆ ಮಾತನಾಡಲು ಇನ್ನೊಂದು ದಿನವೇ ಬೇಕು.

ನನ್ನ ಮೆಚ್ಚಿನ ರಾಗ ಯಾವುದು ಎಂದು ಕೇಳಿದರೆ ಬೆಳಗಿನ ದೇಶಕಾರ ಎನ್ನುತ್ತೇನೆ. ಸಾ ರೇ ಗ ಪ ಧ, ಐದೇ ಸ್ವರ. ಸಂಜೆಯ ಭೂಪಾಲಿಗೂ ಇವೇ ಐದು. ಭೂಪಾಲಿ ಗಾಂಧಾರದಲ್ಲಿ ಮನೆಮಾಡಿಕೊಂಡಿದೆ: ಸಾ ರೇ ಗ, ಗ ರೇ ಸಾ. ದಿನದ ಕೆಲಸ ಮುಗಿಸಿ ಕಟ್ಟೆಯ ಮೇಲೆ ಕುಳಿತಂತೆ. ದೇಶಕಾರ ರಿಷಭವನ್ನು (ರೇ) ಮೆಲ್ಲಗೆ ಸವರಿಕೊಂಡು ಮೇಲಕ್ಕೆ ನಡೆಯುತ್ತದೆ: ಸಾ ಗ ಪ ಧ, ಧ ಪ. ಅದರ ಜೀವ ಧೈವತದಲ್ಲಿದೆ (ಧ), ಕಣ್ಣು ತಾರ ಷಡ್ಜದ, ಅಂದರೆ ಮೇಲಿನ ಸಾ ಸ್ವರದ, ಮೇಲಿದೆ. ಅಣ್ಣ ಕಟ್ಟಡ ಕೆಲಸದ ಗುತ್ತಿಗೆದಾರ. ದಿನಾ ಬೆಳಿಗ್ಗೆ ಸೈಟಿಗೆ ಹೊರಡುವ ಮುನ್ನ ಇದನ್ನೇ ಗುನುಗುತ್ತಿದ್ದ, ಬೂಟಿನ ಲೇಸು ಕಟ್ಟಿಕೊಳ್ಳುತ್ತ. ಧೈವತಕ್ಕೆ ಬಂದಾಗ ಲೇಸು ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು. ಅಂದು ತಂಬೂರಿ ಶ್ರುತಿಯಾದ ಮೇಲೆ ನಾನು ಹಾಡಿದ್ದೂ ಅದನ್ನೇ. ಗಂಟಲು ಒಡೆದಿತ್ತು, ಧೈವತ ಮುಟ್ಟಲಿಲ್ಲ. ಮರುದಿನ ಮತ್ತೆ ಕುಳಿತೆ. ಎಂಟನೆಯ ದಿನಕ್ಕೆ ಮುಟ್ಟಿತು. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ಕೇಳಿಸಿತು.

ವೇದಿಕೆಯ ಮೇಲಿರುವುದು ಅದೇ ತಂಬೂರಿ. ವೈನಿ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಗಂಟೆ ಹತ್ತಾಗುತ್ತ ಬಂತು, ದೇಶಕಾರದ ಹೊತ್ತು ಇನ್ನೂ ಮೀರಿಲ್ಲ. ಈಗ ನಮ್ಮ ವಿದ್ಯಾರ್ಥಿನಿ ಹಾಡುತ್ತಾಳೆ. ಅವಳು ಶುರುಮಾಡುವ ಮೊದಲು ಒಂದು ನಿಮಿಷ ಬರೀ ತಂಬೂರಿ ನುಡಿಯಲಿ. ಗಾಂಧಾರ ಕೇಳಿಸಿದವರು ಕೈ ಎತ್ತಿ.