ಗುಡ್ಡದ ಮೇಲೆ ಎರಡು ಕಡ್ಡಿ

ಕೇಳುಗರಿಗೆ ನಮಸ್ಕಾರ.

2020ರ ಮಾರ್ಚ್ ಕೊನೆ, ಕೊರೊನಾ ಕಾಲ. ವಿದೇಶದಿಂದ ಬಂದವರ ಕೈ ಹಿಂಬದಿಗೆ ಮುದ್ರೆ ಒತ್ತುತ್ತಿದ್ದ ದಿನಗಳು. ವೋಟು ಹಾಕಿದಾಗ ಬೆರಳಿಗೆ ಹಚ್ಚುತ್ತಾರಲ್ಲ, ಅಂಥದೇ ಅಳಿಸದ ಶಾಯಿ. ನಾನು ಆಗ ಪ್ರಾಥಮಿಕ ಶಾಲೆಯ ಮೇಷ್ಟ್ರು. ಶಾಲೆಗೆ ಬೀಗ ಬಿದ್ದಿತ್ತು, ಮೇಷ್ಟ್ರು ಖಾಲಿ ಇದ್ದಾರೆ ಎಂದು ಪಂಚಾಯಿತಿ ತಂಡಕ್ಕೆ ಹಾಕಿದರು. ಜೊತೆಗೆ ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬರು ಬೀಟ್ ಪೊಲೀಸ್. ಹೋಂ ಕ್ವಾರಂಟೈನ್‌ನಲ್ಲಿ ಇರಬೇಕಾದವರು 14 ದಿನ ಮನೆಯಲ್ಲೇ ಇದ್ದಾರೋ ಇಲ್ಲವೋ ನೋಡಿ ಬರೆದುಕೊಂಡು ಬರಬೇಕು. ಇಷ್ಟೇ ಕೆಲಸ.

ಪೇಟೆಯಲ್ಲಾದರೆ ಒಂದು ಬೀದಿ ಹೊಕ್ಕರೆ ಇಪ್ಪತ್ತು ಬಾಗಿಲು ಬಡಿಯಬಹುದು. ಕೊಡಗಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ತೋಟ ದಾಟಬೇಕು, ಗದ್ದೆಯ ಬದು ಹಿಡಿಯಬೇಕು, ನಡುವೆ ಆನೆ ಲದ್ದಿ ಕಂಡರೆ ಹಸಿಯೋ ಒಣಗಿದ್ದೋ ನೋಡಿಕೊಳ್ಳಬೇಕು. ಗೇಟಿನ ಹತ್ತಿರ ಬಂದರೆ ನಾಯಿ. ದಿನಕ್ಕೆ ಏಳೆಂಟು ಮನೆ ಮುಗಿಸಿದರೆ ಅದೇ ದೊಡ್ಡದು.

ಅಷ್ಟರಲ್ಲಿ ಸೆಲ್ಫಿ ಆದೇಶ ಬಂತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ‘ಕ್ವಾರಂಟೈನ್ ವಾಚ್’ ಆ್ಯಪ್‌ನಲ್ಲಿ ಕಳಿಸಬೇಕು. ಫೋಟೋ ಜೊತೆ ಜಾಗದ ಗುರುತೂ ಹೋಗುತ್ತದೆ. ಕಳಿಸದಿದ್ದರೆ ತಂಡ ಬಂದು ಸಾಮೂಹಿಕ ಕ್ವಾರಂಟೈನ್ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತದೆ. ಪೋಲೆಂಡ್ ದೇಶದಲ್ಲೂ ಇಂಥದೇ ಆ್ಯಪ್ ಇತ್ತು. ಅಲ್ಲಿ ಮೆಸೇಜ್ ಬಂದ 20 ನಿಮಿಷದೊಳಗೆ ಮುಖ ತೋರಿಸಬೇಕಿತ್ತು.

ನನ್ನ ಪಟ್ಟಿಯಲ್ಲಿ ಗಲ್ಫ್‌ನಿಂದ ಬಂದ ಒಬ್ಬ ಹುಡುಗನಿದ್ದ. ಮೂರನೇ ದಿನ ಮೇಲಿನಿಂದ ಫೋನು: ಇವನು ಮನೆಯಲ್ಲಿಲ್ಲ, ಅರ್ಧ ಕಿಲೋಮೀಟರ್ ಆಚೆ ಇದ್ದಾನೆ, ಪದೇ ಪದೇ ಹೋಗುತ್ತಿದ್ದಾನೆ, ಹಿಡಿಯಿರಿ. ಹೋಗಿ ನೋಡಿದರೆ ಹುಡುಗ ಜಗುಲಿಯಲ್ಲೇ ಕೂತಿದ್ದಾನೆ. ವಿಚಾರಿಸಿದೆ. “ಸರ್, ಮನೆಯಲ್ಲಿ ನೆಟ್‌ವರ್ಕ್ ಎಲ್ಲಿದೆ? ಆ ಗುಡ್ಡದ ಮೇಲೆ ಹೋದರೆ ಎರಡು ಕಡ್ಡಿ ಬರುತ್ತೆ” ಅಂದ. ಮನೆಯಲ್ಲಿದ್ದೇನೆ ಎಂದು ತೋರಿಸಲು ಆ ಪ್ರಾಣಿ ದಿನಕ್ಕೆ ಹದಿನೈದು ಸಲ ಮನೆ ಬಿಟ್ಟು ಗುಡ್ಡ ಹತ್ತುತ್ತಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು. ಜ್ವರವೇ ಇರಬೇಕು ಎಂದು ಆಶಾ ಅಕ್ಕ ಮೊದಲು ಥರ್ಮಾಮೀಟರ್ ಹಿಡಿದರು.

ನಗಬೇಡಿ. ಆ ಕೆಲಸದಲ್ಲಿ ನನಗೆ ಸಿಕ್ಕಿದ ಮೊದಲ ಪಾಠ ಅದೇ. ಆ್ಯಪ್ ಕೇಳುತ್ತಿದ್ದುದು ‘ಎಲ್ಲಿದ್ದೀ?’ ಎಂದು. ರೋಗಕ್ಕೆ ಬೇಕಾದ ಪ್ರಶ್ನೆ ‘ಯಾರ ಹತ್ತಿರ ಇದ್ದೀ?’ ಗುಡ್ಡದ ಮೇಲೆ ಅವನ ಹತ್ತಿರ ಯಾರೂ ಇರಲಿಲ್ಲ.

ಇದಕ್ಕೆ ಸರಿಯಾಗಿ ಉಲ್ಟಾ ಇನ್ನೊಂದು ಮನೆ. ಯಜಮಾನರ ಕೈಯಲ್ಲಿ ಮುದ್ರೆ. ಗಂಟೆಗೊಂದು ಸೆಲ್ಫಿ ತಪ್ಪದೆ ಹೋಗುತ್ತಿತ್ತು, ಜಾಗದ ಗುರುತೂ ಸರಿ. ನಾವು ಹೋದಾಗ ಕೆರೆಯ ಕಡೆ ಡೀಸೆಲ್ ಪಂಪಿನ ಸದ್ದು. ರೊಬಸ್ಟಾ ಕಾಫಿ ಹೂವಾಗಿ ಮೂರು ವಾರವಾಗಿತ್ತು. ಆಗ ಇನ್ನೊಂದು ನೀರು ಬೀಳಲೇಬೇಕು, ನಾವು ಬ್ಯಾಕಿಂಗ್ ಅನ್ನುತ್ತೇವೆ. ಇಲ್ಲದಿದ್ದರೆ ಕಟ್ಟಿದ ಕಾಯಿ ಉದುರಿಹೋಗುತ್ತದೆ. ಮಳೆ ಬಂದಿರಲಿಲ್ಲ, ಸ್ಪ್ರಿಂಕ್ಲರ್ ಇಡಲೇಬೇಕು. ಸಾಹುಕಾರರು ತೋಟದಲ್ಲಿ ನಿಂತಿದ್ದರು. “ಮನೆ ಅಂದರೆ ತೋಟವೂ ಸೇರಿಯೇ ಅಲ್ಲವೇ ಮೇಷ್ಟ್ರೇ? ನಾನು ಗೇಟು ದಾಟಿಲ್ಲ” ಅಂದರು. ನನಗೆ ಬಾಯಿ ಕಟ್ಟಿತು. ನಮ್ಮಲ್ಲಿ ಮನೆ ಎಲ್ಲಿ ಮುಗಿಯುತ್ತದೆ, ತೋಟ ಎಲ್ಲಿ ಶುರುವಾಗುತ್ತದೆ ಎಂದು ಯಾವ ಆದೇಶವೂ ಬರೆದಿರಲಿಲ್ಲ.

ಆಶಾ ಅಕ್ಕ ಮಾತ್ರ ಕೇಳಿದರು: “ಪೈಪಿನ ಆ ಕಡೆ ತುದಿ ಯಾರು ಹಿಡಿದದ್ದು?”

ಸ್ಪ್ರಿಂಕ್ಲರ್ ಪೈಪು ಬದಲಾಯಿಸಿದವರಿಗೆ ಗೊತ್ತು, ಒಬ್ಬರಿಂದ ಆಗುವ ಕೆಲಸವಲ್ಲ. ಇನ್ನೊಂದು ತುದಿ ಹಿಡಿದವನು ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಆಳು. ಸಂಜೆ ಅವನು ಹೋಗುವುದು ಒಂದೇ ಕೋಣೆಗೆ. ಅಲ್ಲಿ ಹೆಂಡತಿ, ಮೂರು ಮಕ್ಕಳು, ತಾಯಿ. ಪಕ್ಕದ ಕೋಣೆಗೂ ಇವರದಕ್ಕೂ ನಡುವೆ ಒಂದು ಗೋಡೆ, ಅದೂ ಮಾಡಿನವರೆಗೆ ಹೋಗಿಲ್ಲ. ಹೊರಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಪೈಪಿನ ಈ ತುದಿಯವರ ಮನೆಯಲ್ಲಿ ನಾಲ್ಕು ಕೋಣೆ ಖಾಲಿ ಬಿದ್ದಿದ್ದವು. ಮುಂದೆ ಸೋಂಕಿತರಿಗೆ ಹೋಂ ಐಸೋಲೇಷನ್ ಎಂದು ಬಂದಾಗ ಬೇರೆ ಕೋಣೆ, ಬೇರೆ ಶೌಚಾಲಯ, ನೋಡಿಕೊಳ್ಳಲು ಒಬ್ಬರು ಎಂಬ ನಿಯಮ ಇತ್ತು. ಲೈನ್ ಮನೆಯಲ್ಲಿ ಆ ಹಾಳೆ ಓದಿ ಹೇಳಲು ನನಗೇ ನಾಚಿಕೆಯಾಗುತ್ತಿತ್ತು. ಅಂಥವರನ್ನು ಕೋವಿಡ್ ಕೇರ್ ಸೆಂಟರಿಗೆ ಕಳಿಸುವುದೊಂದೇ ದಾರಿ. ಅವರು ಹೋಗಲು ಒಪ್ಪುತ್ತಿರಲಿಲ್ಲ, ಕಾರಣ ರೋಗದ ಭಯವಲ್ಲ. ಹೋದ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂಬ ಒಂದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 28ರಿಂದ ಪ್ರತ್ಯೇಕವಾಗಿರುವುದನ್ನು ಕಾನೂನು ಮಾಡಿ, ತಪ್ಪಿದರೆ 1,000 ಪೌಂಡಿನಿಂದ 10,000 ಪೌಂಡಿನವರೆಗೆ ದಂಡ ಇಟ್ಟರು. ಆದರೆ ಅದೇ ದಿನ, ಮನೆಯಲ್ಲಿ ಕೂತರೆ ಸಂಪಾದನೆ ನಿಲ್ಲುವ ಬಡವರಿಗೆ 500 ಪೌಂಡ್ ಕೊಡುವುದನ್ನೂ ಶುರುಮಾಡಿದರು. ನಮ್ಮಲ್ಲಿ ಏಪ್ರಿಲ್‌ನಿಂದ ತಲೆಗೆ 5 ಕಿಲೋ ಅಕ್ಕಿ ಬಂತು, ಇಲ್ಲ ಎನ್ನಲಾರೆ. ಆದರೆ ಲೈನಿನಿಂದ ಕದ್ದು ಅಂಗಡಿಗೆ ಬರುತ್ತಿದ್ದವರನ್ನು ತಡೆದು ಕೇಳಿದರೆ ಅಕ್ಕಿಗೆಂದು ಬಂದವರು ಕಡಿಮೆ. ಎಲೆ, ಅಡಿಕೆ, ಹೊಗೆಸೊಪ್ಪು. ಅದನ್ನು ನಾವೇ ಕೊಂಡು ಚೀಲದಲ್ಲಿ ಹಾಕಿ ಗೇಟಿಗೆ ನೇತುಹಾಕಲು ಶುರುಮಾಡಿದ ಮೇಲೆ ಓಡಾಟ ಅರ್ಧ ನಿಂತಿತು. ಇದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಮೇಲಿನವರಿಗೆ ಗೊತ್ತಾಗಿದ್ದರೆ ಮೆಚ್ಚುತ್ತಿದ್ದರು ಎಂದೂ ನನಗನಿಸುವುದಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, ಕ್ವಾರಂಟೈನ್ ಮುರಿದರೆ ಆರು ತಿಂಗಳವರೆಗೆ ಜೈಲು ಎನ್ನುವ ಐಪಿಸಿ 271. ನಮ್ಮ ಬೀಟ್ ಪೊಲೀಸ್ ಇದನ್ನು ಎಲ್ಲ ಗೇಟಿನಲ್ಲೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು, ಆಮೇಲೆ ನೀರು ಕೇಳುತ್ತಿದ್ದರು, ಆಮೇಲೆ ನೆನಪಾಗಿ ಬೇಡ ಅನ್ನುತ್ತಿದ್ದರು. ಅತ್ತ ಮಾಕುಟ್ಟದಲ್ಲಿ ಕೇರಳದ ರಸ್ತೆಗೇ ಮಣ್ಣು ಸುರಿದಿದ್ದರು. ಗಡಿಗೆ ಮಣ್ಣು ಹಾಕುವುದು ಸುಲಭ. ಪೈಪಿನ ಎರಡು ತುದಿಯ ನಡುವೆ ಏನು ಹಾಕುವುದು?

ಬಾಗಿಲಿಗೆ ಅಂಟಿಸುತ್ತಿದ್ದ ಚೀಟಿಯ ಮಾತು ಬಿಡಬಾರದು. ಮನೆಯಲ್ಲಿ ಅಮ್ಮ ಬಂದರೆ, ಅಂದರೆ ಸಿಡುಬು, ಸೀತಾಳೆ ಬಂದರೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ನಮ್ಮ ಹಿರಿಯರ ಪದ್ಧತಿ. ಅದನ್ನು ಕಂಡವರು ಒಳಗೆ ಕಾಲಿಡುತ್ತಿರಲಿಲ್ಲ. ಕಟ್ಟುತ್ತಿದ್ದವರು ಮನೆಯವರೇ. ಸರ್ಕಾರದ ಚೀಟಿಯೂ ಹೇಳುತ್ತಿದ್ದುದು ಅದನ್ನೇ, ಆದರೆ ಅಂಟಿಸುತ್ತಿದ್ದವರು ನಾವು. ಅಷ್ಟಕ್ಕೇ ಒಂದು ಮನೆಯ ಅಜ್ಜಿ ಮಾತು ಬಿಟ್ಟರು, ಇವತ್ತಿಗೂ ಆಡಿಲ್ಲ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ವಿಪತ್ತು ನಿರ್ವಹಣಾ ಕಾಯ್ದೆಯಡಿ ಅಧಿಕಾರಿಯ ನಿರ್ದೇಶನ ಇಲ್ಲದೆ ಹಾಗೆ ಅಂಟಿಸುವಂತಿಲ್ಲ ಎಂದಿತು. ಅಜ್ಜಿಗೆ ಈ ಸುದ್ದಿ ಮುಟ್ಟಿಸಿದೆ. ಅದಕ್ಕೂ ಉತ್ತರ ಬರಲಿಲ್ಲ.

ಗುಡ್ಡದ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. ನಮ್ಮ ನಮೂನೆಯಲ್ಲಿ ಒಂದು ಕಾಲಂ ಇತ್ತು: ‘ಮನೆಯಲ್ಲಿ ಇದ್ದಾರೆಯೇ? ಹೌದು / ಇಲ್ಲ’. ನಾನು ಹೌದು ಎಂದು ಗುರುತು ಹಾಕಿ ಪಕ್ಕದಲ್ಲಿ ‘ಸಿಗ್ನಲ್‌ಗೆ ಮಾತ್ರ ಹೊರಗೆ’ ಎಂದು ಬರೆದೆ. ಮಾರನೇ ದಿನ ಅಲ್ಲೇ ತಿರುಗುತ್ತಿದ್ದಾಗ ಮೇಲಿನಿಂದ ಮೆಸೇಜ್: ಇದೇನು ಬರೆದಿದ್ದೀರಿ, ತಕ್ಷಣ ಫೋನ್ ಮಾಡಿ ವಿವರಣೆ ಕೊಡಿ. ಫೋನು ಹಿಡಿದುಕೊಂಡು ಸುತ್ತ ನೋಡಿದೆ. ಹುಡುಗ ಜಗುಲಿಯಿಂದಲೇ ಕೈ ತೋರಿಸಿದ. ಹತ್ತಿದೆ. ಮೇಲೆ ಹೋದ ಮೇಲೆ ಎರಡು ಕಡ್ಡಿ ಬಂತು.